ಮುಳುಗಿದ ಬಾವಿಯ ಮೇಲೆ ಗಾಳ

ಹಿಡಕಲ್ ಜಲಾಶಯದ ಹಿನ್ನೀರಿನಲ್ಲಿ ನಾವು ಮೀನು ಹಿಡಿಯುತ್ತಿದ್ದ ಜಾಗ ಒಂದು ಕಾಲಕ್ಕೆ ನಮ್ಮದೇ ಹೊಲವಾಗಿತ್ತು. ಹುಕ್ಕೇರಿ ತಾಲ್ಲೂಕಿನಲ್ಲಿ ಘಟಪ್ರಭಾ ನದಿಗೆ ಅಡ್ಡಲಾಗಿ ಕಟ್ಟಿದ ಆ ಅಣೆಕಟ್ಟು 1977ರಲ್ಲಿ ಪೂರ್ಣಗೊಂಡಿತು. ನಾನು ಓಡಾಡಲು ಕಲಿಯುವ ಹೊತ್ತಿಗೆ ಅಜ್ಜನ ಎರೆಹೊಲ, ಅದರ ಬದುವಿನ ಜಾಲಿ ಮರಗಳು, ಕಪಿಲೆಯ ಬಾವಿ, ಎಲ್ಲವೂ ನೀರಿನಡಿ ಸೇರಿಹೋಗಿದ್ದವು. ಅಪ್ಪ ಗೋಕಾಕ ಫಾಲ್ಸ್‌ನಲ್ಲಿ ನೂಲಿನ ಗಿರಣಿಯ ಕೆಲಸಕ್ಕೆ ಸೇರಿದರು. ಆದರೆ ಪ್ರತಿ ವರ್ಷ ಮೇ ತಿಂಗಳಲ್ಲಿ, ನಮ್ಮ ಶಾಲೆಗಳಿಗೆ ಸೂಟಿ ಬಿಟ್ಟ ಮೇಲೆ, ಹತ್ತು ದಿನ ರಜೆ ಹಾಕಿ ಅವ್ವ, ನಾನು, ತಮ್ಮ ಮತ್ತು ಕಾಕಾ ಎಲ್ಲರನ್ನೂ ಆ ನೀರಿನ ದಂಡೆಗೆ ಕರೆದೊಯ್ಯುತ್ತಿದ್ದರು.

ಗೋಕಾಕ ರೋಡ್ ನಿಲ್ದಾಣದಲ್ಲಿ ಪ್ಯಾಸೆಂಜರ್ ಹತ್ತಿ ಪಾಶ್ಚಾಪುರದಲ್ಲಿ ಇಳಿಯುವುದು, ಅಲ್ಲಿಂದ ಸಿಕ್ಕ ಬಸ್ಸಿಗೋ ಎತ್ತಿನ ಗಾಡಿಗೋ ಸಾಮಾನು ಹೇರುವುದು, ಕೊನೆಯ ಎರಡು ಹರದಾರಿಯನ್ನು ನಡೆದೇ ಮುಗಿಸುವುದು, ಇದು ನಮ್ಮ ಪ್ರಯಾಣ. ತಲೆಯ ಮೇಲೆ ಕೌದಿಗಳ ಗಂಟು, ಖಡಕ್ ರೊಟ್ಟಿಯ ಡಬ್ಬಿ, ಕಂದೀಲು. ಅಪ್ಪನ ಹೆಗಲ ಮೇಲೆ ಮಾತ್ರ ಐದು ಬಿದಿರು ಕೋಲುಗಳು ಇರುತ್ತಿದ್ದವು, ಅವನ್ನು ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ.

ನಮ್ಮ ಬಿಡಾರವೆಂದರೆ ನಾಲ್ಕು ಜಾಲಿ ಗೂಟ, ಮೇಲೊಂದು ತಾಡಪತ್ರಿ, ಪಡುವಣದ ಬಿಸಿಲಿಗೆ ಅಡ್ಡವಾಗಿ ಜೋಳದ ಕಣಕಿಯ ತಟ್ಟಿ, ಅಷ್ಟೇ. ನೀರಿನಿಂದ ಸ್ವಲ್ಪ ದೂರದ ದಿಬ್ಬದ ಮೇಲೆಯೇ ಅದನ್ನು ಹಾಕುತ್ತಿದ್ದೆವು, ಏಕೆಂದರೆ ದಂಡೆಯ ಬದಿಗೆ ರಾತ್ರಿ ಸೊಳ್ಳೆ ಹೆಚ್ಚು. ಕಲ್ಲು ಎತ್ತುವ ಮೊದಲು ಕೋಲಿನಿಂದ ಹೊರಳಿಸಿ ಚೇಳು ಇದೆಯೇ ಎಂದು ನೋಡುವುದು ಮಕ್ಕಳಾದ ನಮ್ಮ ಕೆಲಸವಾಗಿತ್ತು. ಕುಡಿಯುವ ನೀರಿಗೆ ಜಲಾಶಯದ ನೀರನ್ನು ನೇರವಾಗಿ ಬಳಸದೆ, ದಂಡೆಯಿಂದ ನಾಲ್ಕು ಮಾರು ಮೇಲೆ ಮರಳಿರುವ ಕಡೆ ಒರತಿ ತೋಡುತ್ತಿದ್ದೆವು. ಮೊದಲು ಬರುವ ರಾಡಿ ನೀರನ್ನು ಎರಡು ಸಲ ಎತ್ತಿ ಚೆಲ್ಲಿದರೆ, ಮೂರನೆಯ ಸಲ ಅದು ತಿಳಿಯಾಗಿ ಜಿನುಗುತ್ತಿತ್ತು. ಅದನ್ನೂ ಅವ್ವ ಕುದಿಸಿಯೇ ಕೊಡುತ್ತಿದ್ದಳು.

ಈಗ ಬಾವಿಯ ಮಾತಿಗೆ ಬರುತ್ತೇನೆ, ಏಕೆಂದರೆ ನಮ್ಮ ಮೀನುಗಾರಿಕೆಯೆಲ್ಲ ಅದರ ಸುತ್ತಲೇ ಇತ್ತು. ಜಲಾಶಯ ಮಳೆಗಾಲದಲ್ಲಿ ತುಂಬುತ್ತದೆ, ಕಾಲುವೆಗಳಿಗೆ ನೀರು ಹರಿದಂತೆಲ್ಲ ಬೇಸಿಗೆಯ ಹೊತ್ತಿಗೆ ದಂಡೆ ದೂರ ಸರಿಯುತ್ತದೆ. ಹಾಗೆ ಸರಿದಾಗ ನಮ್ಮ ಹೊಲದ ಮೇಲ್ಭಾಗದ ಬಾಂದಕಲ್ಲು ಹೊರಗೆ ಕಾಣಿಸಿಕೊಳ್ಳುತ್ತಿತ್ತು. ಅದೇ ದಿನಗಳಲ್ಲಿ ಹುನ್ನೂರಿನ ವಿಠ್ಠಲ ಗುಡಿಯೂ ನೀರಿನಿಂದ ಮೇಲೆ ಬರುತ್ತದೆ. ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ದರ್ಶನ ಕೊಡುವ ಆ ಕಲ್ಲಿನ ಗುಡಿಯ ಶಿಖರವೇ ಅಪ್ಪನಿಗೆ ದಿಕ್ಕಿನ ಗುರುತಾಗಿತ್ತು. ಬಾಂದಕಲ್ಲಿಗೆ ಬೆನ್ನು ಕೊಟ್ಟು, ಶಿಖರದತ್ತ ಮುಖ ಮಾಡಿ ತೊಂಬತ್ತೆರಡು ಹೆಜ್ಜೆ ನಡೆದರೆ ಬಾವಿಯ ಕಟ್ಟೆ ಸಿಗುತ್ತದೆ ಎಂಬುದು, ಅಲ್ಲಿ ಎತ್ತು ಹೊಡೆದು ಬೆಳೆದ ಅವರ ಕಾಲಿಗೇ ಗೊತ್ತಿದ್ದ ಲೆಕ್ಕ. ನೀರಿನ ಅಂಚು ಅರುವತ್ತನೆಯ ಹೆಜ್ಜೆಗೆ ಸಿಕ್ಕರೆ, ಇನ್ನುಳಿದ ಮೂವತ್ತೆರಡು ಹೆಜ್ಜೆಯಷ್ಟು ದೂರಕ್ಕೆ ಗಾಳ ಬೀಳಬೇಕು. ಇದಕ್ಕಾಗಿ ತಂಗೂಸಿಗೆ ಐದೈದು ಹೆಜ್ಜೆಗೊಂದರಂತೆ ಕೆಂಪು ನೂಲಿನ ಗುರುತು ಕಟ್ಟಿಕೊಂಡಿದ್ದರು. ಕತ್ತಲಲ್ಲಿಯೂ ಬೆರಳಿಗೆ ಆ ಗಂಟುಗಳು ತಾಗುತ್ತಿದ್ದುದರಿಂದ ಎಷ್ಟು ದಾರ ಹೋಯಿತು ಎಂಬುದನ್ನು ನೋಡದೆಯೇ ಎಣಿಸಬಹುದಾಗಿತ್ತು.

ಬಾವಿಯೇ ಏಕೆ ಎಂದು ನಾನು ಕೇಳಿದ್ದೆ. ಸುತ್ತಲೂ ಸಮನಾದ ಎರೆಮಣ್ಣಿನ ತಳವಿರುವಾಗ ನಡುವೆ ಕಲ್ಲಿನ ಕಟ್ಟೆ, ಅದರೊಳಗೊಂದು ಆಳವಾದ ತಣ್ಣನೆಯ ಗುಂಡಿ ಇದ್ದರೆ, ಹಗಲಲ್ಲಿ ದೊಡ್ಡ ಮೀನು ಅಲ್ಲಿ ಅಡಗುತ್ತದೆ, ರಾತ್ರಿ ಅಲ್ಲಿಂದ ಬೇಟೆಗೆ ಹೊರಡುತ್ತದೆ. ಮುಳುಗಿದ ಜಾಲಿ ಮರದ ಬುಡಕ್ಕೂ, ಹಳೆಯ ಹಳ್ಳದ ತಿರುವಿಗೂ ಇದೇ ಮಾತು ಸಲ್ಲುತ್ತದೆ. ಬೇರೆ ಊರುಗಳಿಂದ ಬಂದವರು ದೋಣಿ ಹಾಯಿಸಿ, ಗಳ ಇಳಿಬಿಟ್ಟು ತಳ ಹುಡುಕಿ ತಿಳಿದುಕೊಳ್ಳಬೇಕಾಗಿದ್ದ ಸಂಗತಿಗಳನ್ನು, ಆ ನೆಲವನ್ನು ಉತ್ತಿದ್ದ ಅಪ್ಪ ದಂಡೆಯ ಮೇಲೆ ಕುಳಿತೇ ಹೇಳುತ್ತಿದ್ದರು. ಮುಳುಗಡೆಯವರಿಗೆ ಉಳಿದ ಏಕೈಕ ಆಸ್ತಿ ಈ ತಿಳಿವಳಿಕೆ ಎಂದು ನಾನು ಇಂದಿಗೂ ನಂಬುತ್ತೇನೆ.

ಹಗಲಿನ ಬೇಟೆ ಬಿದಿರು ಕೋಲಿನದು. ಜೋಳದ ದಂಟಿನ ಒಳಗಿನ ಬೆಂಡನ್ನು ಬೆರಳುದ್ದ ಕತ್ತರಿಸಿ ತೇಲಿಗೆ ಕಟ್ಟುತ್ತಿದ್ದೆವು. ಅದರ ಕೆಳಗೆ ಒಂದು ಸಣ್ಣ ಸೀಸದ ಗುಂಡು, ಅದರ ಕೆಳಗೆ ಗಾಳ. ಗಾಳ ಕಟ್ಟುವುದನ್ನು ಕಲಿಯಲು ನನಗೆ ಎರಡು ಸೂಟಿಗಳು ಬೇಕಾದವು. ತಂಗೂಸನ್ನು ಗಾಳದ ಕಣ್ಣಿನೊಳಗೆ ದಾಟಿಸಿ, ಅದೇ ದಾರದ ಸುತ್ತ ಆರು ಸುತ್ತು ಹಾಕಿ, ತುದಿಯನ್ನು ಮೊದಲ ಕುಣಿಕೆಯಲ್ಲಿ ತೂರಿಸಿ ಎಳೆಯಬೇಕು. ಎಳೆಯುವ ಮೊದಲು ಗಂಟನ್ನು ಬಾಯಲ್ಲಿಟ್ಟು ಎಂಜಲಿನಿಂದ ಒದ್ದೆ ಮಾಡಲೇಬೇಕು. ಒಣ ತಂಗೂಸನ್ನು ಬಿಗಿದರೆ ತಿಕ್ಕಾಟಕ್ಕೆ ಬಿಸಿಯಾಗಿ ಅದರ ಕಸುವು ಅಲ್ಲಿಯೇ ಹೋಗುತ್ತದೆ, ದೊಡ್ಡ ಮೀನು ಜಗ್ಗಿದಾಗ ಮೊದಲು ಹರಿಯುವುದು ಆ ಜಾಗವೇ. ಹೀಗೆ ಕಳೆದುಕೊಂಡ ಒಂದು ಮೀನನ್ನು ನಾನು ಇನ್ನೂ ಮರೆತಿಲ್ಲ.

ಎರೆ ಇಡುವುದರಲ್ಲಿ ನಮ್ಮದೇ ಒಂದು ಪದ್ಧತಿಯಿತ್ತು. ಮೇ ತಿಂಗಳಲ್ಲಿ ಎರೆನೆಲ ಬಿರುಕು ಬಿಟ್ಟಿರುವುದರಿಂದ ಎರೆಹುಳು ಸಿಗುವುದಿಲ್ಲ. ಮನೆಯ ಬಚ್ಚಲಿನ ಹಿಂದೆ ಅಗೆದು ಡಬ್ಬಿಯಲ್ಲಿ ತಂದಿದ್ದ ಹುಳುಗಳು ನಾಲ್ಕು ದಿನಕ್ಕೆ ಮುಗಿಯುತ್ತಿದ್ದವು. ಆಮೇಲೆ ಜೋಳದ ಹಿಟ್ಟಿಗೆ ಶೇಂಗಾ ಹಿಂಡಿಯ ಪುಡಿ ಮತ್ತು ಚೂರು ಬೆಲ್ಲ ಸೇರಿಸಿ, ಬಿಸಿನೀರಿನಲ್ಲಿ ಗಟ್ಟಿಯಾಗಿ ನಾದಬೇಕು. ಜೋಳದ ಹಿಟ್ಟಿಗೆ ಜಿಗುಟು ಕಡಿಮೆ, ನೀರಿಗೆ ಬಿದ್ದ ಕೂಡಲೇ ಗಾಳ ಬಿಟ್ಟು ಕರಗಿಹೋಗುತ್ತದೆ. ಅದಕ್ಕೆ ಅಪ್ಪ ಗಿರಣಿಯ ಹತ್ತಿಯ ಕಸದಿಂದ ಒಂದು ಹಿಡಿ ತಂದು, ಎಳೆ ಎಳೆಯಾಗಿ ಬಿಡಿಸಿ, ಹಿಟ್ಟಿನೊಳಗೆ ಸೇರಿಸಿ ನಾದುತ್ತಿದ್ದರು. ಹತ್ತಿ ಹೊಕ್ಕ ಹಿಟ್ಟನ್ನು ಮುರಿದು ನೋಡಿದರೆ ಸಣ್ಣ ಸಣ್ಣ ಬೇರುಗಳಂತೆ ಎಳೆಗಳು ಕಾಣುತ್ತವೆ. ಅದರ ಹುಣಸೆ ಬೀಜದಷ್ಟು ಉಂಡೆಯನ್ನು ಗಾಳಕ್ಕೆ ಒತ್ತಿ, ಮುಳ್ಳಿನ ತುದಿ ಮಾತ್ರ ಬೆರಳಿಗೆ ಚುಚ್ಚುವಷ್ಟು ಹೊರಗೆ ಬಿಟ್ಟರೆ, ಅರ್ಧ ಗಂಟೆಯಾದರೂ ಕದಲುವುದಿಲ್ಲ.

ಕಟ್ಲಾ, ರೋಹು, ಮೃಗಾಲ ಈ ಮೂರೂ ಗಂಗೆಯ ಕಡೆಯ ಮೀನುಗಳು. ಇವು ಮೊಟ್ಟೆಯಿಡುವುದು ಮಳೆಗಾಲದ ಹರಿಯುವ ಹೊಳೆಯಲ್ಲಿ, ನಿಂತ ನೀರಿನಲ್ಲಿ ಸಂತಾನ ಬೆಳೆಸುವುದಿಲ್ಲವಾದ್ದರಿಂದ ಜಲಾಶಯಗಳಿಗೆ ಮರಿಗಳನ್ನು ತಂದು ಬಿಡುತ್ತಾರೆ. ಮೂರೂ ಸಿಕ್ಕ ಒಂದು ಬೆಳಗ್ಗೆ ಅಪ್ಪ ಅವುಗಳನ್ನು ಒದ್ದೆ ಗೋಣಿಯ ಮೇಲೆ ಸಾಲಾಗಿ ಮಲಗಿಸಿ, "ಬಾಯಿ ಎತ್ತಾಗ ಐತಿ ನೋಡ್, ಅದರ ಊಟ ಅತ್ತಾಗ ಇರತೈತಿ" ಎಂದರು. ಕಟ್ಲಾದ ಬಾಯಿ ಮೇಲಕ್ಕೆ ತೆರೆದಿತ್ತು, ಅದು ನೀರಿನ ಮೇಲ್ಪದರದಲ್ಲಿ ಮೇಯುವ ಮೀನು. ಮೃಗಾಲದ ಬಾಯಿ ಕೆಳಗೆ ತಿರುಗಿತ್ತು, ಅದು ತಳದ ಕೆಸರನ್ನು ಕೆದಕುವುದು. ರೋಹು ನಡುವಿನದು. ಅಂದಿನಿಂದ ಬೆಂಡಿನ ಕೆಳಗೆ ಎಷ್ಟು ದಾರ ಬಿಡಬೇಕೆಂದು ನಾನು ಯಾರನ್ನೂ ಕೇಳಲಿಲ್ಲ.

ಆ ದಂಡೆಯ ಅಪಾಯವನ್ನೂ ಹೇಳಬೇಕು, ಏಕೆಂದರೆ ಹಿನ್ನೀರಿಗೆ ಮಕ್ಕಳನ್ನು ಕರೆದೊಯ್ಯುವವರಿಗೆ ಇದು ಗೊತ್ತಿರಲೇಬೇಕು. ನೀರು ಹೊಸದಾಗಿ ಬಿಟ್ಟುಹೋದ ಎರೆಮಣ್ಣು ಬಿಸಿಲಿಗೆ ಮೇಲೆ ಹಪ್ಪಳದಂತೆ ಒಣಗಿ ಬಿರಿಯುತ್ತದೆ, ಒಳಗೆ ಮಾತ್ರ ಅಂಬಲಿಯಂತೆ ಮೆತ್ತಗಿರುತ್ತದೆ. ನನ್ನ ತಮ್ಮ ಆರು ವರ್ಷದವನಿದ್ದಾಗ ಹಕ್ಕಿಯೊಂದರ ಹಿಂದೆ ಓಡಿ ಅಂಥ ಜಾಗದಲ್ಲಿ ಸೊಂಟದವರೆಗೆ ಇಳಿದುಬಿಟ್ಟ. ಎಳೆದಷ್ಟೂ ಕೆಳಗೆ ಹೋಗುತ್ತಿದ್ದ. ಅವನತ್ತ ಧಾವಿಸಿದ ಅವ್ವನನ್ನು ಅಪ್ಪ ರಟ್ಟೆ ಹಿಡಿದು ನಿಲ್ಲಿಸಿದರು. ಕೋಲುಗಳನ್ನೆಲ್ಲ ಒಟ್ಟುಮಾಡಿ ಕೆಸರಿನ ಮೇಲೆ ಅಡ್ಡ ಹಾಸಿ, ಅದರ ಮೇಲೆ ತಾವು ಬೋರಲು ಮಲಗಿ ತೆವಳುತ್ತ ಹೋಗಿ, ತಮ್ಮನಿಗೂ ಕೈಚಾಚಿ ಎದೆ ನೆಲಕ್ಕೆ ಊರಿ ಮಲಗುವಂತೆ ಹೇಳಿದರು. ಕಾಲುಗಳನ್ನು ಒಂದೊಂದಾಗಿ, ನಿಧಾನವಾಗಿ ಬಿಡಿಸಿ ಎಳೆದು ತಂದರು. ಅಷ್ಟು ಹೊತ್ತೂ ಅವನೊಡನೆ ರೊಟ್ಟಿಯ ಮಾತು, ಶಾಲೆಯ ಮಾತು ಆಡುತ್ತಲೇ ಇದ್ದರು. ಹೊರಗೆ ಬಂದ ಮೇಲೆ ಅವರ ಕೈ ನಡುಗುವುದನ್ನು ನಾನು ನೋಡಿದೆ. ಮುರಿದ ಮೂರು ಕೋಲುಗಳ ಬಗ್ಗೆ ಒಂದು ಮಾತೂ ಆಡಲಿಲ್ಲ. ಅಂದಿನಿಂದ ದಂಡೆಯ ಮೇಲೆ ಬಿಳಿ ಕಲ್ಲುಗಳ ಗೆರೆಯೊಂದನ್ನು ಹಾಕಿ, ಅದನ್ನು ದಾಟುವವರು ಕೋಲಿನಿಂದ ನೆಲ ಚುಚ್ಚಿ ನೋಡಿಯೇ ಹೆಜ್ಜೆ ಇಡಬೇಕೆಂಬ ಕಟ್ಟಳೆ ಮಾಡಿದರು.

ರಾತ್ರಿಯ ಬೇಟೆ ಕೈಗಾಳದ್ದು. ಗಿರಣಿಯಲ್ಲಿ ಬಳಸಿ ಬಿಟ್ಟ ಮರದ ಬಾಬಿನ್ನಿಗೆ ದಪ್ಪ ತಂಗೂಸು ಸುತ್ತಿಕೊಂಡು, ತುದಿಗೆ ಸೀಸದ ದೊಡ್ಡ ತುಂಡು ಕಟ್ಟಿ, ಸಂಜೆ ಹಿಡಿದ ಸಣ್ಣ ಮೀನೊಂದನ್ನು ಎರೆಯಾಗಿ ಚುಚ್ಚಿ, ತಲೆಯ ಮೇಲೆ ಮೂರು ಸುತ್ತು ಬೀಸಿ ಬಾವಿಯತ್ತ ಎಸೆಯುವುದು. ಬಾಳೆ ಮೀನಿಗೆ ಇದೇ ದಾರಿ. ಮೈಮೇಲೆ ಪರೆಯಿಲ್ಲದ, ಉದ್ದ ಮೀಸೆಯ, ಕಣ್ಣಿನ ಹಿಂದಿನವರೆಗೂ ಸೀಳಿದ ಬಾಯಿಯ ಈ ಮೀನು ಕತ್ತಲಾದ ಮೇಲೆಯೇ ಬೇಟೆಗೆ ಹೊರಡುತ್ತದೆ. ದಾರವನ್ನು ತೋರುಬೆರಳಿನ ಮೇಲೆ ಹಾಯಿಸಿಕೊಂಡು ಸುಮ್ಮನೆ ಕೂರಬೇಕು. ಮೊದಲು ಯಾರೋ ಬಾಗಿಲ ಚಿಲಕ ಮುಟ್ಟಿದಂತೆ ಎರಡು ಸಲ ಮೆಲ್ಲಗೆ ತಟ್ಟುತ್ತದೆ. ಆಗ ಎಳೆದರೆ ಮೀನು ಹೋಯಿತು. ದಾರ ತಾನಾಗಿ ಬೆರಳಿನಿಂದ ಜಾರತೊಡಗಿ, ಎರಡು ಕೆಂಪು ಗಂಟುಗಳು ದಾಟಿದ ಮೇಲೆಯೇ ಜಗ್ಗಬೇಕು. ಹತ್ತನೆಯ ವಯಸ್ಸಿನಲ್ಲಿ ನಾನು ಹಾಗೆ ಜಗ್ಗಿದ ಮೊದಲ ಬಾಳೆ ಮೀನು ತಮ್ಮನ ಎದೆಯೆತ್ತರ ಬರುತ್ತಿತ್ತು. ದಾರ ಬೆರಳಿನ ಎರಡು ಗೆಣ್ಣುಗಳ ನಡುವೆ ಕೊಯ್ದ ಗೆರೆ ಈಗಲೂ ಇದೆ.

ಅಂಥ ಮೀನಿನ ಲೋಳೆ ಹೋಗಬೇಕಾದರೆ ಒಲೆಯ ಬೂದಿ ಹಚ್ಚಿ ಕಣಕಿಯಿಂದ ತಿಕ್ಕಬೇಕು, ನೀರಿನಿಂದ ಎಷ್ಟು ತೊಳೆದರೂ ಹೋಗುವುದಿಲ್ಲ. ಅವ್ವ ಅದನ್ನು ಹುಣಸೆ ಹುಳಿ, ಮಸಾಲೆ ಖಾರ, ಸುಟ್ಟ ಉಳ್ಳಾಗಡ್ಡಿ, ಒಣಕೊಬ್ಬರಿ ಅರೆದು ಮಣ್ಣಿನ ಗಡಿಗೆಯಲ್ಲಿ ಸಾರು ಮಾಡುತ್ತಿದ್ದಳು. ತಲೆಯ ಭಾಗ ಕಾಕಾನಿಗೆ. ಖಡಕ್ ರೊಟ್ಟಿಯನ್ನು ಮುರಿದು ಸಾರಿನಲ್ಲಿ ನೆನೆಹಾಕಿ, ಕಂದೀಲಿನ ಬೆಳಕಿನಲ್ಲಿ ಮುಳ್ಳು ಹುಡುಕಿ ತೆಗೆಯುತ್ತ ಉಣ್ಣುವಾಗ ಯಾರೂ ಮಾತನಾಡುತ್ತಿರಲಿಲ್ಲ.

ಅಪ್ಪ ಎರಡು ನಿಯಮಗಳನ್ನು ಎಂದೂ ಮುರಿಯಲಿಲ್ಲ. ವಿಠ್ಠಲ ಗುಡಿ ಇರುವ ಕಡೆ ಗಾಳ ಹಾಕುತ್ತಿರಲಿಲ್ಲ. ಮಿರಗ, ಅಂದರೆ ಮೃಗಶಿರಾ ಮಳೆ, ಕೂಡುವ ಮೊದಲೇ ಬಿಡಾರ ಕಿತ್ತು ಮನೆಗೆ ಮರಳುತ್ತಿದ್ದರು, ಏಕೆಂದರೆ ಮುಂಗಾರಿನ ಹೊಸನೀರಿಗೆ ಮೀನುಗಳು ಬಸಿರು ಹೊತ್ತು ಹೊಳೆ ಏರುತ್ತವೆ. ಹೊಟ್ಟೆಯಲ್ಲಿ ತತ್ತಿಯಿರುವ ಮೀನು ಮೇ ಕೊನೆಯಲ್ಲಿ ಸಿಕ್ಕರೂ, ಗಾಳ ಬಿಡಿಸಿ, ಬಾಲ ಹಿಡಿದು ನೀರಿನಲ್ಲಿ ಹಿಂದೆ ಮುಂದೆ ಆಡಿಸಿ ಉಸಿರು ಕೂಡಿದ ಮೇಲೆ ಬಿಟ್ಟುಬಿಡುತ್ತಿದ್ದರು.

ನಾನು ಎಂಟನೆಯ ತರಗತಿ ಮುಗಿಸಿದ ಬೇಸಿಗೆಯಲ್ಲಿ ನೀರು ಹಿಂದೆಂದೂ ಕಾಣದಷ್ಟು ಕೆಳಗಿಳಿದಿತ್ತು. ನಾವು ದಿಬ್ಬ ಹತ್ತಿ ನೋಡಿದಾಗ ದಂಡೆ ಬಾಂದಕಲ್ಲಿನಿಂದ ಬಹಳ ದೂರ ಹೋಗಿತ್ತು, ನಡುವೆ ಬಿರುಕು ಬಿಟ್ಟ ಕರಿನೆಲದ ಮೇಲೆ ವೃತ್ತಾಕಾರದ ಕಲ್ಲಿನ ಕಟ್ಟೆಯೊಂದು ಎದ್ದು ನಿಂತಿತ್ತು. ಅಪ್ಪ ಗಂಟು ಮೂಟೆಗಳನ್ನು ಅಲ್ಲಿಯೇ ಇಳಿಸಿ, ಬಾಂದಕಲ್ಲಿನ ಬಳಿ ನಿಂತು, ಕೋಲಿನಿಂದ ನೆಲ ಚುಚ್ಚುತ್ತ ಹೆಜ್ಜೆ ಎಣಿಸಿದರು. ನಾನು ಹಿಂದೆಯೇ ಎಣಿಸಿದೆ. ತೊಂಬತ್ತೊಂದಕ್ಕೆ ಕಟ್ಟೆ ಸಿಕ್ಕಿತು.

ಬಾವಿಯಲ್ಲಿ ಹೂಳು ತುಂಬಿ ಒಂದಾಳಿನಷ್ಟು ಮಾತ್ರ ಆಳ ಉಳಿದಿತ್ತು, ಅದರಲ್ಲಿ ಹಸಿರು ನೀರು ನಿಂತಿತ್ತು. ಕಪಿಲೆಯ ಹಗ್ಗ ಎಷ್ಟೋ ವರ್ಷ ಉಜ್ಜಿ ಸವೆಸಿದ್ದ ಕಲ್ಲಿನ ಗೀರುಗಳು ಹಾಗೆಯೇ ಇದ್ದವು. ಆ ಗೀರುಗಳಲ್ಲಿ, ಕಲ್ಲಿನ ಸಂದುಗಳಲ್ಲಿ, ಪಾಚಿ ಹಿಡಿದ ತಂಗೂಸಿನ ತುಂಡುಗಳು ಜೋತಾಡುತ್ತಿದ್ದವು. ಕೆಲವದರ ಮೇಲೆ ಕೆಂಪು ನೂಲಿನ ಗಂಟು ಇನ್ನೂ ಉಳಿದಿತ್ತು. ಎಷ್ಟೋ ರಾತ್ರಿ ಕಲ್ಲಿಗೆ ಸಿಕ್ಕಿಕೊಂಡಿತೆಂದು ನಾವು ಹಲ್ಲಿನಿಂದ ಕಡಿದು ಬಿಟ್ಟಿದ್ದ ಗಾಳಗಳು ಅವು. ಅಪ್ಪ ಕಟ್ಟೆಯ ಮೇಲೆ ಕುಳಿತು, ಒಂದೊಂದನ್ನೇ ಚಾಕುವಿನ ತುದಿಯಿಂದ ಬಿಡಿಸಿ ನನ್ನ ಅಂಗೈಯಲ್ಲಿ ಇಟ್ಟರು. ಹದಿನಾಲ್ಕು ಇದ್ದವು. ಹನ್ನೊಂದು ತುಕ್ಕು ತಿಂದು ಮುಟ್ಟಿದರೆ ಮುರಿಯುವಂತಿದ್ದವು. ಗಟ್ಟಿಯಾಗಿದ್ದ ಮೂರನ್ನು ಅದೇ ಕಟ್ಟೆಯ ಕಲ್ಲಿಗೆ ಉಜ್ಜಿ, ಉಗುರಿನ ಮೇಲೆ ಎಳೆದು ಮೊನೆ ನೋಡಿ, ಹುಳುವಿನ ಡಬ್ಬಿಯ ಮುಚ್ಚಳದೊಳಗೆ ಸಿಕ್ಕಿಸಿಕೊಂಡರು.