ಬಸ್ಸಿನ ವೇಳಾಪಟ್ಟಿ ಹಿಡಿದು ಇಂಗ್ಲಿಷ್ ಪಾಠ

ಎಂಟನೇ ತರಗತಿಯ ಮಕ್ಕಳಿಗೆ ‘ವೆನ್ ಡಸ್ ದ ಬಸ್ ಲೀವ್?’ ಎಂದು ಹತ್ತು ಸಲ ಹೇಳಿಸಿ. ಗೋಡೆ ನಡುಗುವ ಹಾಗೆ ಒಟ್ಟಿಗೆ ಹೇಳುತ್ತಾರೆ. ಆಮೇಲೆ ಒಬ್ಬಳನ್ನು ಎಬ್ಬಿಸಿ ಅವಳೂರಿನ ಬಸ್ಸಿನ ಸಮಯವನ್ನು ಇಂಗ್ಲಿಷಿನಲ್ಲೇ ಕೇಳಿ, ಪಕ್ಕದವಳ ಮುಖ ನೋಡುತ್ತಾಳೆ. ವಾಕ್ಯ ಬಾಯಿಗೆ ಬಂದಿದೆ, ಆದರೆ ಅದರಿಂದ ಏನೂ ಕೆಲಸ ಆಗಬೇಕಿಲ್ಲವಲ್ಲ!

ಇದಕ್ಕೊಂದು ದಾರಿಯನ್ನು ನಮ್ಮ ಬೆಂಗಳೂರಲ್ಲೇ ಹುಡುಕಿದ್ದರು. ಇಂಗ್ಲಿಷ್ ಕಲಿಸುವ ಬಗೆಯ ತಜ್ಞ ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸು ಮುಂತಾದ ಕಡೆಯ ಮಾಮೂಲಿ ಶಾಲೆಗಳಲ್ಲಿ ನಡೆಸಿದ ಪ್ರಯೋಗ ಅದು. ವ್ಯಾಕರಣವನ್ನು ಪಾಠವಾಗಿ ಹೇಳದೆ, ಮಕ್ಕಳಿಗೆ ಬಿಡಿಸಬೇಕಾದ ಲೆಕ್ಕವೊಂದನ್ನು ಕೊಡುತ್ತಿದ್ದರು: ನಕ್ಷೆ, ವೇಳಾಪಟ್ಟಿ, ಹೀಗೆ. ಇಂಗ್ಲಿಷ್ ಕಲಿಸುವ ಜಗತ್ತಿನಲ್ಲಿ ಇಂದಿಗೂ ‘ಬೆಂಗಳೂರು ಪ್ರಾಜೆಕ್ಟ್’ ಎಂದರೆ ಇದೇ. ನಮ್ಮ ತರಗತಿಗೆ ಒಗ್ಗುವಂತೆ ಅದನ್ನು ಮಾಡುವ ಬಗೆ ಹೀಗಿದೆ. ಖರ್ಚು ಒಂದು ಸೀಮೆಸುಣ್ಣ.

ಬೋರ್ಡಿನ ಮೇಲೆ

ಮೂರೇ ಬಸ್ಸು ಸಾಕು. ಊರಿನ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯಿರಿ. ಕೆಳಗಿನ ಸಮಯಗಳು ಉದಾಹರಣೆಗಷ್ಟೇ, ನಿಮ್ಮೂರಿನವನ್ನು ನೀವು ಹಾಕಿಕೊಳ್ಳಿ.

ಒಂದನೇ ಬಸ್ಸು: ತಿಪಟೂರು 7.15, ಅರಸೀಕೆರೆ 7.50, ಹಾಸನ 9.00.
ಎರಡನೇ ಬಸ್ಸು: ತಿಪಟೂರು 8.30, ಅರಸೀಕೆರೆ 9.10, ಹಾಸನ 10.20.
ಮೂರನೇ ಬಸ್ಸು: ತಿಪಟೂರು 7.50, ಹಾಸನ 9.30. ಅರಸೀಕೆರೆಯಲ್ಲಿ ನಿಲ್ಲುವುದಿಲ್ಲ.

8.30ನ್ನು ಬೇಕೆಂದೇ ಇಟ್ಟಿದ್ದೇನೆ. ‘ಥರ್ಟಿ’ ಮತ್ತು ‘ಥರ್ಟೀನ್’ ನಮ್ಮ ಮಕ್ಕಳ ಕಿವಿಗೆ ಒಂದೇ. ಬಸ್ಸು ತಪ್ಪುವ ಭಯ ಇದ್ದಾಗ ಮಾತ್ರ ಆ ವ್ಯತ್ಯಾಸ ತಲೆಗೆ ಹತ್ತುತ್ತದೆ.

ಮೊದಲ ಇಪ್ಪತ್ತು ನಿಮಿಷ

ಇದು ಇಡೀ ತರಗತಿಯ ಜೊತೆ, ಇಂಗ್ಲಿಷಿನಲ್ಲೇ. ಮೊದಲು ಕಣ್ಣಿಗೆ ಕಾಣುವುದನ್ನು ಕೇಳಿ: ಮೊದಲ ಬಸ್ಸು ಎಷ್ಟಕ್ಕೆ ಬಿಡುತ್ತದೆ, ಹಾಸನಕ್ಕೆ ಎಷ್ಟಕ್ಕೆ ಸೇರುತ್ತದೆ. ಆಮೇಲೆ ಲೆಕ್ಕ ಹಾಕಬೇಕಾದದ್ದು: ಯಾವ ಬಸ್ಸು ಬೇಗ ಮುಟ್ಟಿಸುತ್ತದೆ? ಒಂದನೆಯದಕ್ಕೆ ಒಂದೂಮುಕ್ಕಾಲು ಗಂಟೆ, ಮೂರನೆಯದಕ್ಕೆ ಐದು ನಿಮಿಷ ಕಡಿಮೆ. ಈಗ ಅಜ್ಜಿಯನ್ನು ತನ್ನಿ. ಅಜ್ಜಿ ತಿಪಟೂರಿನವರು. ಹಾಸನದಲ್ಲಿ ಡಾಕ್ಟರು ಹತ್ತು ಗಂಟೆಗೆ ಸಿಗುತ್ತಾರೆ. ನಿಲ್ದಾಣದಿಂದ ಆಸ್ಪತ್ರೆಗೆ ಕಾಲು ಗಂಟೆ ನಡಿಗೆ. ಅಜ್ಜಿಗೆ ತುಂಬ ಹೊತ್ತು ಕೂತು ಕಾಯಲು ಆಗುವುದಿಲ್ಲ. ಯಾವ ಬಸ್ಸು?

ಎರಡನೆಯದು ತಡ. ಒಂದನೆಯದರಲ್ಲಿ ಹೋದರೆ ಆಸ್ಪತ್ರೆಯಲ್ಲಿ ಮುಕ್ಕಾಲು ಗಂಟೆ ಕಾಯಬೇಕು. ಮೂರನೆಯದರಲ್ಲಿ ಕಾಲು ಗಂಟೆ. ಇಷ್ಟನ್ನು ಮಕ್ಕಳು ಅರೆಬರೆ ಇಂಗ್ಲಿಷಿನಲ್ಲೇ ಹೇಳುತ್ತಾರೆ, ಬಿಡಿ. ‘ಬಸ್ ನೈನ್ ಓ ಕ್ಲಾಕ್ ಹಾಸನ್ ರೀಚ್’ ಎಂದು ಕ್ರಿಯಾಪದ ಕನ್ನಡದ ಹಾಗೆ ಕೊನೆಗೆ ಬಂದು ಕೂರುತ್ತದೆ. ‘ಯಸ್, ಇಟ್ ರೀಚಸ್ ಹಾಸನ್ ಅಟ್ ನೈನ್’ ಎಂದು ನೀವು ಸರಿಯಾಗಿ ಹೇಳಿ ಮುಂದಕ್ಕೆ ಹೋಗಿ. ಅಲ್ಲೇ ನಿಲ್ಲಿಸಿ ನಿಯಮ ವಿವರಿಸಿದಿರೋ, ಅಜ್ಜಿಯೂ ಹೋದಳು, ಬಸ್ಸೂ ಹೋಯಿತು.

ಯಾರಾದರೂ ಕನ್ನಡದಲ್ಲಿ ಉತ್ತರ ಹೇಳಿದರೆ ಗದರಬೇಡಿ. ಉತ್ತರ ಸರಿ ಇದ್ದರೆ ಒಪ್ಪಿಕೊಂಡು, ಅದನ್ನೇ ಇಂಗ್ಲಿಷಿನಲ್ಲಿ ಹೇಳಿ.

ಆಮೇಲೆ ಒಬ್ಬೊಬ್ಬರೇ

ಅದೇ ಪಟ್ಟಿ, ಹೊಸ ಸಮಸ್ಯೆ: ಅಜ್ಜಿ ಅರಸೀಕೆರೆಯಲ್ಲಿ ಹತ್ತುತ್ತಾರೆ. ಈಗ ಯಾವ ಬಸ್ಸು, ಆಸ್ಪತ್ರೆಯಲ್ಲಿ ಎಷ್ಟು ಹೊತ್ತು ಕಾಯಬೇಕು? ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಬರೆದುಬಿಡಿ, ಮಕ್ಕಳು ಓದಿಕೊಂಡು ನೋಟ್‌ಬುಕ್ಕಿನಲ್ಲಿ ಉತ್ತರ ಬರೆಯಲಿ. ಹತ್ತು ನಿಮಿಷ ಸಾಕು. ಅಂಕ ಕೊಡುವುದು ಉತ್ತರಕ್ಕೆ, ಕಾಗುಣಿತಕ್ಕಲ್ಲ. ಅರ್ಧದಷ್ಟು ಮಕ್ಕಳಿಗಾದರೂ ಅರ್ಧದಷ್ಟು ಉತ್ತರ ಸರಿ ಬಂದರೆ ಸಮಸ್ಯೆಯ ಹದ ಸರಿ ಇದೆ ಎಂಬುದು ಪ್ರಭು ಅವರ ಅಳತೆ. ಎಲ್ಲರೂ ಎರಡು ನಿಮಿಷದಲ್ಲಿ ಮುಗಿಸಿದರೆ ನಾಳೆ ಇನ್ನೂ ಗಟ್ಟಿಯದನ್ನು ಕೊಡಿ.

ಜೋಡಿಯಲ್ಲಿ

ಗುಂಪು ಚಟುವಟಿಕೆ ಪ್ರಭು ಅವರಿಗೆ ಅಷ್ಟಾಗಿ ಹಿಡಿಸಿರಲಿಲ್ಲ. ಮಕ್ಕಳು ತಮ್ಮ ತಮ್ಮಲ್ಲೇ ಮಾತಾಡಿಕೊಂಡರೆ ತಪ್ಪು ಇಂಗ್ಲಿಷೇ ಗಟ್ಟಿಯಾಗುತ್ತದೆ ಎಂಬ ಅಳುಕು. ನಾನು ಇಲ್ಲಿ ಅವರ ಮಾತು ಮೀರುತ್ತೇನೆ. ಅರವತ್ತು ಮಕ್ಕಳ ತರಗತಿಯಲ್ಲಿ ಮೇಷ್ಟರ ಜೊತೆ ಮಾತಾಡುವ ಸರದಿ ಒಂದು ಮಗುವಿಗೆ ವಾರಕ್ಕೊಮ್ಮೆ ಬಂದರೆ ಹೆಚ್ಚು. ಹಾಗಾಗಿ ಮೂರನೆಯ ದಿನ ಪಟ್ಟಿಯನ್ನು ಎರಡು ಚೀಟಿ ಮಾಡಿ. ಒಂದರಲ್ಲಿ ಬಿಡುವ ಸಮಯ, ಇನ್ನೊಂದರಲ್ಲಿ ತಲುಪುವ ಸಮಯ. ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿ. ಚೀಟಿ ತೋರಿಸುವ ಹಾಗಿಲ್ಲ, ಕೇಳಿಯೇ ತುಂಬಿಕೊಳ್ಳಬೇಕು. ಗಲಾಟೆ ಆಗಿಯೇ ಆಗುತ್ತದೆ, ಪಕ್ಕದ ತರಗತಿಯವರಿಗೆ ಮೊದಲೇ ಹೇಳಿಟ್ಟಿರಿ. ‘ಹಾಫ್ ಪಾಸ್ಟ್’ ನಮ್ಮ ಕಡೆ ‘ಆಪ್ ಪಾಸ್ಟ್’ ಆಗುತ್ತದೆ, ಜೊತೆಗಾರನಿಗೆ ಅರ್ಥವಾದರೆ ಆ ಹೊತ್ತಿಗೆ ಸಾಕು. ಅರ್ಥವಾಗದಿದ್ದರೆ ‘ವಾಟ್?’ ಎಂದು ಅವನೇ ಕೇಳುತ್ತಾನೆ, ಇವನು ಇನ್ನೊಮ್ಮೆ ಬಿಡಿಸಿ ಹೇಳುತ್ತಾನೆ.

ಒಂದು ಸಲ ನಮ್ಮೂರ ನಿಲ್ದಾಣದ ಫಲಕದಲ್ಲಿದ್ದ ಸಮಯಗಳನ್ನೇ ತಂದು ಬೋರ್ಡಿಗೆ ಹಾಕಿದ್ದೆ. ಸಂಜೆ ಐದೂವರೆಯ ಬಸ್ಸೇ ಉತ್ತರ ಎಂದು ನಾನು ಅಂದುಕೊಂಡಿದ್ದೆ. ಕೊನೆಯ ಬೆಂಚಿನ ಹುಡುಗಿ, ವರ್ಷವಿಡೀ ಬಾಯಿ ಬಿಡದವಳು, ಎದ್ದು ನಿಂತಳು. ‘ನೋ ಸಾರ್. ದಟ್ ಬಸ್ ನಾಟ್ ಕಮಿಂಗ್. ಡೈಲಿ ಐ ವೇಟ್. ಸಿಕ್ಸ್ ಫಿಫ್ಟೀನ್ ಓನ್ಲಿ ಕಮಿಂಗ್.’ ಅವಳೂರಿನ ಇನ್ನಿಬ್ಬರು ಹುಡುಗರೂ ಹೌದೆಂದರು. ಐದೂವರೆಯನ್ನು ಒರೆಸಿ ಆರೂಕಾಲು ಬರೆದು, ಲೆಕ್ಕವನ್ನು ಮೊದಲಿನಿಂದ ಶುರು ಮಾಡಿದೆವು.