ಬಫಲೋಗೆ ಹೊರಟಿದೀರಾ? ರೂಮ್ ಹಿಡಿಯೋ ಮುಂಚೆ ಸ್ನೋ ಎಲ್ಲಿ ಬೀಳುತ್ತೆ ನೋಡ್ಕೊಳ್ಳಿ

ಆಗಸ್ಟ್‌ಗೆ ಕ್ಲಾಸ್ ಶುರು, ವೀಸಾ ಕೈಗೆ ಬಂತು ಅಂದ ತಕ್ಷಣ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಹುಡುಗ್ರು ಹುಡ್ಗೀರು ಮೊಬೈಲಲ್ಲೇ ಅಮೆರಿಕದ ಮನೆ ಹುಡುಕೋಕೆ ಕೂರ್ತಾರೆ. ಫೋಟೋದಲ್ಲಿ ಮನೆ ಮುಂದೆ ಹಸಿರು ಹುಲ್ಲು, ಒಳ್ಳೆ ಬಿಸಿಲು, ಬಾಡಿಗೆ ಕಮ್ಮಿ, ಕ್ಯಾಂಪಸ್ಸಿಗೆ ಎರಡೇ ಮೈಲಿ, ಅಡ್ವಾನ್ಸ್ ಕಳ್ಸೇ ಬಿಡೋಣ ಅನ್ಸುತ್ತೆ. ಸ್ವಲ್ಪ ತಡೀರಿ ಮಾರಾಯ್ರೆ, ಆ ಫೋಟೋ ಬೇಸಿಗೇದು. ನ್ಯೂಯಾರ್ಕ್ ರಾಜ್ಯದ ಈ ಬಫಲೋ ಊರಲ್ಲಿ ವರ್ಷಕ್ಕೆ ಸರಾಸರಿ 90 ಇಂಚಿಗಿಂತ ಜಾಸ್ತಿ ಸ್ನೋ ಬೀಳುತ್ತೆ, ಹಾಗಾಗಿ ಏರಿಯಾ ಆರಿಸೋವಾಗ ಜನವರಿ ತಿಂಗಳನ್ನ ತಲೇಲಿಟ್ಕೊಂಡು ಆರಿಸಿ.

ಮೊದಲು ಮ್ಯಾಪ್ ತೆಗೀರಿ, ಸರೋವರ ಎಲ್ಲಿದೆ ನೋಡಿ. ಬಫಲೋ ಇರೋದು ಈರಿ ಸರೋವರದ ಪೂರ್ವದ ತುದೀಲಿ, ಈ ಸರೋವರ ನೈಋತ್ಯದಿಂದ ಈಶಾನ್ಯಕ್ಕೆ ಸುಮಾರು 390 ಕಿಲೋಮೀಟರ್ ಉದ್ದಕ್ಕೆ ಚಾಚ್ಕೊಂಡಿದೆ. ಚಳಿಗಾಲದ ಶುರೂಲಿ ನೀರು ಇನ್ನೂ ಬೆಚ್ಚಗಿರುತ್ತೆ, ಅದರ ಮೇಲೆ ಕೊರೆಯೋ ಗಾಳಿ ಉದ್ದಕ್ಕೂ ಬೀಸ್ಕೊಂಡು ಬಂದು ತೇವ ಎಲ್ಲ ಹೀರಿ, ದಡ ಮುಟ್ಟಿದ ಮೇಲೆ ಸ್ನೋ ಆಗಿ ಸುರಿಸುತ್ತೆ, ಅಲ್ಲಿಯವರು ಇದನ್ನ ಲೇಕ್ ಎಫೆಕ್ಟ್ ಅಂತಾರೆ. ಮಲೆನಾಡಿನವರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗೇ ಇಲ್ಲ: ಆಗುಂಬೇಲಿ ವರ್ಷಕ್ಕೆ 7000 ಮಿ.ಮೀ. ಮೇಲೆ ಮಳೆ, ಶಿವಮೊಗ್ಗ ಪೇಟೇಲಿ ಸಾವಿರದ ಆಸುಪಾಸು, ಎರಡೂ ಒಂದೇ ಜಿಲ್ಲೆ ತಾನೆ. ಬಫಲೋದಲ್ಲೂ ಸ್ನೋ ಬೀಳೋ ಪಟ್ಟಿ ಸಪೂರ, ಗಾಳಿ ಸ್ವಲ್ಪ ತಿರುಗಿದ್ರೂ ಜಾಗ ಬದಲಾಗುತ್ತೆ. ಜಾಸ್ತಿ ಹೊಡೆತ ದಕ್ಷಿಣದ ಹ್ಯಾಂಬರ್ಗ್, ಆರ್ಚರ್ಡ್ ಪಾರ್ಕ್ ಕಡೆಗೆ. 2014ರ ನವೆಂಬರ್‌ನಲ್ಲಿ ದಕ್ಷಿಣದ ಊರುಗಳಲ್ಲಿ 5 ಅಡಿಗಿಂತ ಜಾಸ್ತಿ ಬಿದ್ರೆ ಉತ್ತರದ ಕಡೆ ಬರೀ ಕೆಲವು ಇಂಚು, 2022ರ ನವೆಂಬರ್‌ನಲ್ಲಿ ಆರ್ಚರ್ಡ್ ಪಾರ್ಕಲ್ಲಿ 6 ಅಡಿ ದಾಟ್ತು.

ಹಂಗಂತ ಉತ್ತರದಲ್ಲಿ ಆರಾಮ ಅಂದ್ಕೋಬೇಡಿ. ಅದೇ 2022ರ ಕ್ರಿಸ್ಮಸ್ ಹೊತ್ತಿನ ಹಿಮಗಾಳಿ ಊರೊಳಗೇ ಹೊಡೀತು, ಕರೆಂಟ್ ಹೋಯ್ತು, ಗಾಡಿ ಓಡಿಸೋದೇ ಬ್ಯಾನ್ ಮಾಡಿದ್ರು, 40ಕ್ಕೂ ಹೆಚ್ಚು ಜನ ತೀರ್ಕೊಂಡ್ರು. ಅದಕ್ಕೇ ನನ್ನ ಪ್ರಕಾರ ಅದೇ ಬಿಲ್ಡಿಂಗಲ್ಲೋ ಪಕ್ಕದ ಮನೇಲೋ ಪರಿಚಯದೋರು ಇರೋ ಜಾಗಕ್ಕೆ ತಿಂಗಳಿಗೆ ಸ್ವಲ್ಪ ಜಾಸ್ತಿ ಕೊಟ್ರೂ ಅಡ್ಡಿಲ್ಲ.

ಆಮೇಲೆ ಓಡಾಟ. ಯೂನಿವರ್ಸಿಟಿ ಅಟ್ ಬಫಲೋದು ಸೌತ್ ಕ್ಯಾಂಪಸ್ ಊರೊಳಗೆ ಮೇನ್ ಸ್ಟ್ರೀಟಲ್ಲಿ, ನಾರ್ತ್ ಕ್ಯಾಂಪಸ್ ಆಮ್ಹರ್ಸ್ಟಲ್ಲಿ, ಇಂಜಿನಿಯರಿಂಗ್‌ನವರ ಓಡಾಟ ಹೆಚ್ಚಾಗಿ ನಾರ್ತ್‌ಗೆ. ಮೆಟ್ರೋ ರೈಲು ಡೌನ್‌ಟೌನ್‌ನಿಂದ ಸೌತ್ ಕ್ಯಾಂಪಸ್ ತನಕ ಬಂದು ಅಲ್ಲೇ ಮುಗಿಯುತ್ತೆ, ಅಲ್ಲಿಂದ ನಾರ್ತ್‌ಗೆ ಯೂನಿವರ್ಸಿಟಿಯ ಸ್ಟ್ಯಾಂಪೀಡ್ ಬಸ್. ಅದಕ್ಕೇ ಕಾರ್ ಇಲ್ದೆ ಇರೋರು ಸೌತ್ ಹತ್ರದ ಯೂನಿವರ್ಸಿಟಿ ಹೈಟ್ಸ್ ನೋಡ್ತಾರೆ, ಸರಿನೇ. ಆದ್ರೆ ಕ್ಯಾಂಪಸ್ ಎಷ್ಟು ದೂರ ಅನ್ನೋದಕ್ಕಿಂತ ಮನೆ ಬಾಗಿಲಿಂದ ಬಸ್ ಸ್ಟಾಪ್ ಎಷ್ಟು ದೂರ ಅಂತ ನೋಡಿ, ಯಾಕಂದ್ರೆ ಬಸ್ ಒಳಗೆ ಬೆಚ್ಚಗಿರುತ್ತೆ, ಕಷ್ಟ ಇರೋದೆಲ್ಲ ಐಸ್ ಮೇಲೆ ಜಾರ್ತಾ ನಡೆಯೋ ಆ ಹತ್ತು ನಿಮಿಷದಲ್ಲೇ. ಗೂಗಲ್ ಸ್ಟ್ರೀಟ್ ವ್ಯೂ ಹಾಕಿ ದಾರಿ ಪೂರ್ತಿ ಫುಟ್‌ಪಾತ್ ಇದ್ಯಾ ಚೆಕ್ ಮಾಡಿ, ಆಮ್ಹರ್ಸ್ಟ್ ಥರದ ಹೊರವಲಯದಲ್ಲಿ ಅದೇ ಇಲ್ದೆ ಇರೋ ರಸ್ತೆಗಳುಂಟು. ಡಿಸೆಂಬರಲ್ಲಿ 4.45ಕ್ಕೆಲ್ಲ ಸೂರ್ಯ ಮುಳುಗಿರ್ತಾನೆ, ಲ್ಯಾಬ್ ಮುಗ್ಸಿ ಬರೋರು ರಾತ್ರಿ ಲಾಸ್ಟ್ ಬಸ್ ಎಷ್ಟೊತ್ತಿಗೆ, ಆ ಬೀದೀಲಿ ದೀಪ ಇದ್ಯಾ ಅಂತ್ಲೂ ಕೇಳಿ.

ಏರಿಯಾ ಗಟ್ಟಿ ಆದ್ಮೇಲೆ ಓನರ್‌ನ ಕೇಳ್ಬೇಕಾದ್ದು: ಹೀಟಿಂಗ್ ಬಾಡಿಗೇಲಿ ಸೇರಿದ್ಯಾ ಇಲ್ವಾ. ಅಲ್ಲಿ ಹಳೇ ಮರದ ಮನೆಗಳು ಜಾಸ್ತಿ, ಕೆಳಗೊಂದು ಮೇಲೊಂದು ಸಂಸಾರ, ಕೆಲವದರಲ್ಲಿ ಕಿಟಕಿ ಸಂದೀಲಿ ಗಾಳಿ ನುಗ್ಗುತ್ತೆ, ಬಾಡಿಗೇಲಿ ಉಳಿಸಿದ್ದೆಲ್ಲ ಗ್ಯಾಸ್ ಬಿಲ್ಲಿಗೆ ಹೋಗುತ್ತೆ. ಈಗಿರೋ ಬಾಡಿಗೆದಾರರ ಹತ್ರ ಹೋದ ಜನವರಿ ಬಿಲ್ಲಿನ ಫೋಟೋ ಕಳ್ಸಿ ಅನ್ನಿ, ಏಪ್ರಿಲ್ ಬಿಲ್ ತೋರ್ಸಿದ್ರೆ ಒಪ್ಕೋಬೇಡಿ. ಮನೆ ಮುಂದಿನ ಸ್ನೋ ಎತ್ತಿ ಹಾಕೋರು ಯಾರು ಅನ್ನೋದು ಅಗ್ರಿಮೆಂಟಲ್ಲೇ ಬರೆದಿರ್ಲಿ. ಕಾರ್ ತಗೊಳ್ಳೋ ಪ್ಲಾನ್ ಇದ್ರೆ ಮನೆಯದೇ ಪಾರ್ಕಿಂಗ್ ಇರ್ಲೇಬೇಕು, ರಸ್ತೇಲಿ ನಿಲ್ಸಿದ್ರೆ ಯಾವ ದಿನ ಯಾವ ಕಡೆ ಅನ್ನೋ ರೂಲ್ಸ್ ಇರುತ್ತೆ, ಸ್ನೋ ತೆಗೆಯೋ ಗಾಡಿ ಬಂದಾಗ ಅಡ್ಡ ಇದ್ರೆ ಎಳ್ಕೊಂಡು ಹೋಗ್ತಾರೆ.

ಅಮ್ಮಂದಿರು ಕೇಳೋ ದೇವಸ್ಥಾನ, ಇಂಡಿಯನ್ ಅಂಗಡಿ ಎಲ್ಲ ವಾರಕ್ಕೊಂದ್ಸಲದ ವಿಷ್ಯ, ಅದಕ್ಕೋಸ್ಕರ ಏರಿಯಾ ಆರಿಸ್ಬೇಡಿ.

ಲೀಸ್ (ಅಲ್ಲಿ ಬಾಡಿಗೆ ಅಗ್ರಿಮೆಂಟಿಗೇ ಹಾಗಂತಾರೆ) ಸಾಮಾನ್ಯವಾಗಿ ಒಂದು ವರ್ಷದ್ದು, ಮಧ್ಯ ಬಿಡೋದು ಸುಲಭ ಅಲ್ಲ. ಸೈನ್ ಮಾಡೋ ಮುಂಚೆ ಅಲ್ಲೇ ಇರೋ ಸೀನಿಯರ್ ಒಬ್ರಿಗೆ ವಿಡಿಯೋ ಕಾಲ್ ಮಾಡಿ, ಮನೆ ಒಳಗೆಲ್ಲ ತೋರ್ಸಿ, ಬಾಗಿಲಿಂದ ಸ್ಟಾಪ್ ತನಕ ಒಂದ್ಸಲ ನಡೆದು ತೋರ್ಸಿ ಅಂತ ಕೇಳ್ಕೊಳ್ಳಿ. ಮನೆ ಒಳಗೆ ಬಿಡದೆ ಬರೀ ದುಡ್ಡು ಕಳ್ಸಿ ದುಡ್ಡು ಕಳ್ಸಿ ಅನ್ನೋ ಓನರ್ ಸಿಕ್ಕಿದ್ರೆ ನಂಬರ್ ಬ್ಲಾಕ್ ಮಾಡಿ ಮುಂದಿನ ಮನೆ ನೋಡಿ.