ಟ್ರೆಂಡ್ ಆಮೇಲೆ, ಟ್ರೈನ್ ಮೊದಲು

ಮುಂಬೈಯ ದಾದರ್ ಪಶ್ಚಿಮದ ಒಂದು ಅಂಗಡಿಯ ಗಾಜಿನ ಹಿಂದೆ ಕಳೆದ ವರ್ಷ ನಮ್ಮಜ್ಜಿಯ ಕುಪ್ಪಸ ಕಂಡಿತು. ಅದೇ ಗುಳೇದಗುಡ್ಡದ ಖಣ, ಅದೇ ಕಡುಗೆಂಪು, ಮೈತುಂಬ ಅದೇ ಪುಟ್ಟ ತೇರುಗಳು. ಆದರೆ ಹೊಲಿದದ್ದು ತೋಳಿಲ್ಲದ ಜಾಕೆಟ್, ಕೆಳಗೆ ತೊಡಿಸಿದ್ದು ಜೀನ್ಸ್. ಬಾಗಲಕೋಟೆಯಿಂದ ಬಂದಿದ್ದ ಅವ್ವ ಗಾಜಿಗೆ ಮೂಗು ತಾಗಿಸಿ ನೋಡಿದಳು. "ಇಷ್ಟ್ ಅರಿವ್ಯಾಗ ಎರಡು ಕುಪ್ಪಸ ಆಗ್ತಿದ್ವಲ್ಲವಾ!" ಎಂದಳು. ಬೆಲೆ ಚೀಟಿ ಕಂಡ ಮೇಲೆ ಮಾತೇ ಆಡಲಿಲ್ಲ.

ಮರಾಠಿಯವರೂ ಅದನ್ನು ಖಣ ಎಂದೇ ಕರೆಯುತ್ತಾರೆ. ಈಗ ಅದರಲ್ಲಿ ಜಾಕೆಟ್, ಚೀಲ, ಕಿವಿಯೋಲೆ, ಮೊಬೈಲ್ ಪೌಚ್ ಎಲ್ಲ ಬಂದಿವೆ. ನಾವು ಟ್ರಂಕಿನ ತಳದಲ್ಲಿ ಬಿಟ್ಟುಬಂದದ್ದು ಇಲ್ಲಿ ಹೊಸ ಫ್ಯಾಷನ್. ಹಾಗಾಗಿ ಮುಂಬೈಗೆ ಹೊಸದಾಗಿ ಕೆಲಸಕ್ಕೋ ಓದಿಗೋ ಬಂದ ಹುಡುಗಿಯರು "ಅಕ್ಕಾ, ಇಲ್ಲಿ ಯಾವ ಥರ ಡ್ರೆಸ್ ಮಾಡ್ಕೋಬೇಕು?" ಎಂದು ಕೇಳಿದರೆ ನಾನು ಫ್ಯಾಷನ್ ಪುಟ ತೋರಿಸುವುದಿಲ್ಲ. ನೀನು ಹತ್ತುವ ಲೋಕಲ್ ಟ್ರೈನ್ ಯಾವುದು ಎಂದು ಕೇಳುತ್ತೇನೆ.

ಹಂತ 1: ಎರಡು ವಾರ ಏನೂ ಕೊಳ್ಳಬೇಡಿ

ಬೆಳಿಗ್ಗೆ ಹೊರಡುವಾಗ ಕನ್ನಡಿ ಮುಂದೆ ಒಂದು ಫೋಟೊ ತೆಗೆದುಕೊಳ್ಳಿ. ಯಾರಿಗೂ ಕಳಿಸಬೇಕಾಗಿಲ್ಲ. ರಾತ್ರಿ ಮನೆಗೆ ಬಂದು ಅದೇ ಫೋಟೊ ನೋಡಿ, ಇವತ್ತು ಈ ಬಟ್ಟೆಯನ್ನು ಎಷ್ಟು ಸಲ ಎಳೆದುಕೊಂಡೆ ಎಂದು ಬರೆದಿಡಿ. ಭುಜದಿಂದ ಜಾರುವ ಕೊರಳು, ಕೂತರೆ ಮೇಲೇರುವ ಟಾಪ್, ಕಂಬಿ ಹಿಡಿಯಲು ಕೈ ಎತ್ತಿದರೆ ಹೊಟ್ಟೆ ಕಾಣುವ ಕುರ್ತಿ, ಎಲ್ಲವನ್ನೂ.

ಹದಿನೈದು ದಿನಕ್ಕೆ ವಿಷಯ ತಾನಾಗಿ ಗೊತ್ತಾಗುತ್ತದೆ. ಎಳೆಯದೆ ಇಡೀ ದಿನ ಕಳೆದ ಬಟ್ಟೆಗಳು ನಾಲ್ಕೈದು ಇರುತ್ತವೆ. ಅವುಗಳ ಕೊರಳು, ತೋಳು, ಉದ್ದ ನೋಡಿ. ಬಹುಪಾಲು ಒಂದೇ ಥರ ಇರುತ್ತವೆ. ನಿಮ್ಮ ಸ್ಟೈಲ್ ಅಲ್ಲೇ ಇದೆ. ನನ್ನ ಲೆಕ್ಕದಲ್ಲಿ ಬಂದದ್ದು ಮುಕ್ಕಾಲು ತೋಳು, ಮೊಣಕಾಲಿಗಿಂತ ತುಸು ಮೇಲಿನ ಕುರ್ತಾ, ಪಾದ ಮುಟ್ಟದ ಪ್ಯಾಂಟ್. ನನಗೆ ಚೆನ್ನಾಗಿ ಕಾಣುತ್ತದೆ ಎಂದು ವರ್ಷಗಟ್ಟಲೆ ನಂಬಿದ್ದ ಅನಾರ್ಕಲಿ ಪಟ್ಟಿಯಲ್ಲಿ ಒಂದು ಸಲವೂ ಬರಲಿಲ್ಲ!

ಹಂತ 2: ಕಪಾಟು ಖಾಲಿ ಮಾಡಿ

ಇದು ಒಂದು ಭಾನುವಾರದ ಕೆಲಸ. ಎಲ್ಲವನ್ನೂ ಹಾಸಿಗೆ ಮೇಲೆ ಸುರಿಯಿರಿ. ತೊಡುವಂಥದ್ದು, ಟೇಲರ್ ಹತ್ತಿರ ಹೋದರೆ ತೊಡುವಂತಾಗುವುದು, ಕೊಟ್ಟುಬಿಡುವುದು ಎಂದು ಮೂರು ರಾಶಿ ಸಾಕು. "ತೂಕ ಇಳಿದ ಮೇಲೆ" ಎನ್ನುವ ನಾಲ್ಕನೇ ರಾಶಿ ಮಾಡಬೇಡಿ.

ಬಣ್ಣ ನೋಡುವುದಿದ್ದರೆ ಟ್ಯೂಬ್‌ಲೈಟ್ ಕೆಳಗೆ ಬೇಡ, ಕಿಟಕಿ ಹತ್ತಿರ ಹಗಲಲ್ಲಿ ನೋಡಿ. ದುಪಟ್ಟಾಗಳನ್ನು ಒಂದೊಂದಾಗಿ ಕೊರಳ ಬಳಿ ಹಿಡಿದರೆ, ಯಾವುದರಲ್ಲಿ ಮುಖ ದಣಿದಂತೆ ಕಾಣುತ್ತದೆ ಎಂದು ಕಣ್ಣೇ ಹೇಳುತ್ತದೆ. ಕಪ್ಪು ಬಣ್ಣದವರಿಗೆ ಇದು ಒಪ್ಪುವುದಿಲ್ಲ, ಅದು ಒಪ್ಪುವುದಿಲ್ಲ ಎಂಬ ಹಳೇ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ.

ಹಂತ 3: ಮುಂಬೈ ಕಾಲಗಳನ್ನು ಎಣಿಸಿ

ಫ್ಯಾಷನ್ ಲೋಕದ ಕ್ಯಾಲೆಂಡರಿನಲ್ಲಿ ವಸಂತ-ಬೇಸಿಗೆ, ಶರತ್-ಚಳಿಗಾಲ ಎಂದು ಎರಡು ಕಂತು. ಅದು ಯುರೋಪಿನ ಹವೆಗೆ ಮಾಡಿಕೊಂಡ ಲೆಕ್ಕ. ಇಲ್ಲಿ ಹಾಗೆ ನಡೆಯುವುದಿಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮುಂಬೈಗೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 11, ಹೊರಡುವುದು ಅಕ್ಟೋಬರ್ 8. ಅಂದರೆ ಸರಿಸುಮಾರು 4 ತಿಂಗಳು ಮಳೆ. ಆಮೇಲೆ ಇಲ್ಲಿಯವರು 'ಅಕ್ಟೋಬರ್ ಹೀಟ್' ಎನ್ನುವ ಉರಿ. ಡಿಸೆಂಬರ್-ಜನವರಿಯಲ್ಲಿ ಒಂದಿಷ್ಟು ತಂಪು, ಅದೂ ಬೆಳಗಿನ ಹೊತ್ತು. ಮಾರ್ಚ್‌ನಿಂದ ಮತ್ತೆ ಬೆವರು.

ಆದ್ದರಿಂದ 'ಚಳಿಗಾಲದ ಟ್ರೆಂಡ್' ಎಂದು ಉಣ್ಣೆಯ ಕೋಟ್ ತೋರಿಸಿದರೆ ನೋಡಿ ಖುಷಿಪಡಿ, ಸಾಕು. ಮುಂಬೈ ಚಳಿಗೆ ಒಂದು ಡೆನಿಮ್ ಜಾಕೆಟ್ ಅಥವಾ ದಪ್ಪ ಹತ್ತಿಯ ಶರ್ಟ್ ಧಾರಾಳ. ಅದನ್ನೇ ಬೇಸಿಗೆಯಲ್ಲಿ ಆಫೀಸಿನ ಏಸಿಗೂ ಬಳಸಬಹುದು. ಹಣ, ಯೋಚನೆ ಎರಡನ್ನೂ ಮಳೆಗಾಲಕ್ಕೆ ಜಾಸ್ತಿ ಇಡಿ.

ಹಂತ 4: ಮಳೆಗಾಲಕ್ಕೆ ಬಟ್ಟೆ ಆರಿಸುವುದು

ಇಲ್ಲಿ ನನ್ನದೇ ಪೆದ್ದತನ ಹೇಳಬೇಕು. ಮೊದಲ ವರ್ಷದ ಜುಲೈ. ಕೆನೆಬಣ್ಣದ ರೇಯಾನ್ ಪಲಾಜೊ, ಅಂದರೆ ಅಗಲ ಕಾಲಿನ ಪ್ಯಾಂಟ್, ಮೇಲೆ ಮರೂನ್ ದುಪಟ್ಟಾ. ಹೊಸದು, ತೊಡುವ ಆಸೆ. ಕುರ್ಲಾದಲ್ಲಿ ಇಳಿಯುವಷ್ಟರಲ್ಲಿ ಪಲಾಜೊ ಮೊಣಕಾಲಿನವರೆಗೆ ನೀರು ಹೀರಿಕೊಂಡು ಒಂದು ಗೇಣು ಉದ್ದವಾಗಿತ್ತು. ದುಪಟ್ಟಾ ಬಣ್ಣ ಬಿಟ್ಟು ಕುರ್ತಾ ಮೇಲೆ ನಕಾಶೆ ಬರೆದಿತ್ತು. ಲೇಡೀಸ್ ಡಬ್ಬಿಯಲ್ಲಿದ್ದ ಒಬ್ಬ ಮರಾಠಿ ಮಾವಶಿ (ಚಿಕ್ಕಮ್ಮನಂಥವರು) ಸೇಫ್ಟಿ ಪಿನ್ ಕೊಟ್ಟು ಪಲಾಜೊ ಮಡಚಿಸಿದರು. ಆವತ್ತು ಕಲಿತದ್ದೇ ಈ ಹಂತ.

ನೂಲಿನ ಗುಣ ತಿಳಿದರೆ ಅರ್ಧ ತೊಂದರೆ ಕಳೆಯಿತು. ಹತ್ತಿ ಸಾಧಾರಣ ಹವೆಯಲ್ಲೇ ತನ್ನ ತೂಕದ ಶೇ 8ರಷ್ಟು ತೇವ ಹಿಡಿದಿಟ್ಟುಕೊಂಡಿರುತ್ತದೆ. ಪಾಲಿಯೆಸ್ಟರ್ ಹಿಡಿಯುವುದು ಶೇ 0.4ರಷ್ಟು ಮಾತ್ರ. ಅದಕ್ಕೇ ಬೆವರಿಗೆ ಹತ್ತಿ ಹಿತ, ಆದರೆ ನೆನೆದರೆ ಬೇಗ ಒಣಗದು. ಪಾಲಿಯೆಸ್ಟರ್ ಬೇಗ ಒಣಗುತ್ತದೆ, ಆದರೆ ಮೈಗೆ ಅಂಟಿ ಸಂಜೆಯ ಹೊತ್ತಿಗೆ ವಾಸನೆ ಹಿಡಿಯುತ್ತದೆ. ರೇಯಾನ್ ಒದ್ದೆಯಾದರೆ ಬಲ ಕಳೆದುಕೊಂಡು ಜೋಲುತ್ತದೆ. ಜೀನ್ಸ್ ಬಗ್ಗೆ ಹೇಳಲೇಬೇಕಾಗಿಲ್ಲ, ಒಂದು ಸಲ ನೆನೆದರೆ ಎರಡು ದಿನ ಹಗ್ಗದ ಮೇಲೆ.

ನಾನು ಕಂಡುಕೊಂಡ ದಾರಿ ಇಷ್ಟು. ಮೇಲೆ ತೆಳು ಹತ್ತಿ, ಕೆಳಗೆ ಮಿಶ್ರ ನೂಲಿನ ಪ್ಯಾಂಟ್. ಬೆವರುವುದು ಮೇಲೆ, ನೆನೆಯುವುದು ಕೆಳಗೆ, ಅಲ್ವಾ? ಪ್ಯಾಂಟ್ ಕಾಲಿನ ಗಂಟಿಗಿಂತ ಎರಡು ಬೆರಳು ಮೇಲೆ ನಿಲ್ಲಬೇಕು. ಬಣ್ಣ ಗಾಢವಾಗಿದ್ದರೆ ಕೆಸರಿನ ಚುಕ್ಕೆ ಕಾಣದು. ಬಿಳಿ, ತಿಳಿಹಳದಿ, ಪುದೀನಾ ಹಸಿರಿನಂಥ ತೆಳು ಬಟ್ಟೆ ನೆಂದರೆ ಒಳಗಿನದೆಲ್ಲ ಕಾಣುತ್ತದೆ. ತೊಡಲೇಬೇಕೆಂದರೆ ಒಳಗೆ ಮೈಬಣ್ಣದ ಸ್ಲಿಪ್ ಇರಲಿ. ಬಿಳಿ ಸ್ಲಿಪ್ ಎದ್ದು ಕಾಣುತ್ತದೆ.

ಹೊಸ ಬಟ್ಟೆ ಬಣ್ಣ ಬಿಡುತ್ತದೋ ಎಂದು ತೊಡುವ ಮೊದಲೇ ನೋಡಿ. ಬಿಳಿ ಕರ್ಚೀಫ್ ಒದ್ದೆ ಮಾಡಿ, ಒಳಹೊಲಿಗೆಯ ಹತ್ತಿರ ಅರ್ಧ ನಿಮಿಷ ಗಟ್ಟಿಯಾಗಿ ಉಜ್ಜಿ. ಕರ್ಚೀಫಿಗೆ ಬಣ್ಣ ಬಂದರೆ ಆ ಬಟ್ಟೆ ಮಳೆಗೆ ಬೇಡ. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ಗಟ್ಟಿಯಾಗುತ್ತದೆ ಎಂದು ಅವ್ವ ಈಗಲೂ ಹೇಳುತ್ತಾಳೆ. ಅಂಗಡಿಯ ಬಟ್ಟೆಗೆ ಅದರಿಂದ ಹೇಳಿಕೊಳ್ಳುವ ಪ್ರಯೋಜನವಿಲ್ಲ. ನಾಲ್ಕೈದು ಸಲ ಬೇರೆಯಾಗಿ ಒಗೆದು ಹೆಚ್ಚಿನ ಬಣ್ಣ ಕಳೆಯುವುದೇ ಸರಿ.

ಚಪ್ಪಲಿಗೆ ಚರ್ಮ ಬೇಡ. ರಬ್ಬರ್ ಅಥವಾ ಪಿವಿಸಿ ಇರಲಿ, ಹಿಮ್ಮಡಿಗೆ ಪಟ್ಟಿ ಇರಲಿ. ಪಟ್ಟಿ ಇಲ್ಲದ ಚಪ್ಪಲಿ ನಿಂತ ನೀರಿನಲ್ಲಿ ತೇಲಿ ಹೋಗುವುದನ್ನು ಕಣ್ಣಾರೆ ಕಂಡಿದ್ದೇನೆ. ಇದರಲ್ಲಿ ಫ್ಯಾಷನ್‌ಗಿಂತ ದೊಡ್ಡ ವಿಷಯವೂ ಇದೆ. ಕಾಲಿಗೆ ಗಾಯವಿದ್ದು ಕೊಳಚೆ ನೀರಲ್ಲಿ ನಡೆದರೆ ಇಲಿಜ್ವರ ಬರಬಹುದು. ಬೂಟು ಕಚ್ಚಿದ ಸಣ್ಣ ಗಾಯವಾದರೂ ಮುಚ್ಚಿಕೊಂಡೇ ಹೊರಡಿ. ಆಫೀಸಿನ ಚಂದದ ಶೂ ಆಫೀಸಿನ ಡ್ರಾಯರಿನಲ್ಲೇ ವಾಸವಿರಲಿ.

ದುಪಟ್ಟಾ ವಿಷಯಕ್ಕೆ ನಾನು ಸ್ವಲ್ಪ ಕಟ್ಟುನಿಟ್ಟು. ಗರ್ದಿಯ ಟ್ರೈನಿನಲ್ಲಿ ಜೋಲುವ ದುಪಟ್ಟಾ ಯಾರದೋ ಬ್ಯಾಗಿನ ಜಿಪ್ಪಿಗೆ ಸಿಕ್ಕರೆ ನಿಮ್ಮ ಕೊರಳಿಗೇ ಅಪಾಯ. ಮಡಚಿ ಬ್ಯಾಗಿನಲ್ಲಿಡಿ, ಇಳಿದ ಮೇಲೆ ಹೊದ್ದುಕೊಳ್ಳಿ. ದೊಡ್ಡ ಜುಮಕಿಗೂ ಇದೇ ಮಾತು.

ಹಂತ 5: ಟ್ರೆಂಡಿಗೆ ಒಂದೇ ಸೀಟು ಕೊಡಿ

ಅಗಲ ಕಾಲಿನ ಪ್ಯಾಂಟ್, ದೊಗಲೆ ಶರ್ಟ್, ಮೇಲೂ ಕೆಳಗೂ ಒಂದೇ ಬಟ್ಟೆಯ ಕೋ-ಆರ್ಡ್ ಸೆಟ್, ಆಕ್ಸಿಡೈಸ್ಡ್ ಬೆಳ್ಳಿಯ ಒಡವೆ. ಇವೆಲ್ಲ ನೀವು ದಿನಾ ಕಾಣುವಂಥವೇ. ಒಂದು ದಿನಕ್ಕೆ ಇವುಗಳಲ್ಲಿ ಒಂದು ಸಾಕು, ಉಳಿದದ್ದು ಹಂತ 1ರಲ್ಲಿ ಗೆದ್ದ ಬಟ್ಟೆ. ಇವುಗಳಲ್ಲಿ ನನಗೆ ಕೋ-ಆರ್ಡ್ ಸೆಟ್ ಇಷ್ಟ. ಬಿಡಿಸಿದರೆ ಎರಡು ಬಟ್ಟೆ, ಬೇರೆ ಬೇರೆ ಜೋಡಿ ಮಾಡಬಹುದು. ಅಗಲ ಕಾಲಿನ ಪ್ಯಾಂಟ್ ನವೆಂಬರಿನಿಂದ ಮೇವರೆಗೆ ಮಾತ್ರ, ಕಾರಣ ಮೇಲೆ ಹೇಳಿಯಾಗಿದೆ.

ಕೊಳ್ಳುವ ಮೊದಲು, ಮನೆಯಲ್ಲಿರುವ ಯಾವ ಮೂರು ಬಟ್ಟೆಗೆ ಇದು ಹೊಂದುತ್ತದೆ ಎಂದು ಹೆಸರಿಟ್ಟು ಹೇಳಿ. ಹೇಳಲಾಗದಿದ್ದರೆ ವಾಪಸ್ ಇಡಿ. ಬೆಲೆಯನ್ನೂ ತೊಡುವ ಸಲದಿಂದ ಭಾಗಿಸಿ. 1,800 ರೂಪಾಯಿಯ ಕುರ್ತಾ 60 ಸಲ ತೊಟ್ಟರೆ ಒಂದು ಸಲಕ್ಕೆ 30 ರೂಪಾಯಿ. 400 ರೂಪಾಯಿಯ ಟಾಪ್ ಎರಡೇ ಸಲ ತೊಟ್ಟರೆ ಸಲಕ್ಕೆ 200. ಯಾವುದು ಅಗ್ಗ?

ಹಂತ 6: ಬೀದಿಯಲ್ಲಿ ಕೊಳ್ಳುವುದು

ಆಜಾದ್ ಮೈದಾನದ ಹತ್ತಿರದ ಫ್ಯಾಷನ್ ಸ್ಟ್ರೀಟ್, ಬಾಂದ್ರಾದ ಲಿಂಕಿಂಗ್ ರೋಡ್ ಮತ್ತು ಹಿಲ್ ರೋಡ್, ಒಡವೆಗೆ ಕೊಲಾಬಾ ಕಾಸ್‌ವೇ. ಸಿದ್ಧ ಉಡುಪಿಗೆ ಇವು. ಬಟ್ಟೆ ಕೊಂಡು ಹೊಲಿಸುವುದಾದರೆ ದಾದರ್‌ನ ಹಿಂದ್‌ಮಾತಾ, ಕ್ರಾಫರ್ಡ್ ಮಾರ್ಕೆಟ್ ಬಳಿಯ ಮಂಗಲದಾಸ್ ಮಾರ್ಕೆಟ್, ಅಥವಾ ಕಿಂಗ್ಸ್ ಸರ್ಕಲ್‌ನ ಗಾಂಧಿ ಮಾರ್ಕೆಟ್. ಗಾಂಧಿ ಮಾರ್ಕೆಟ್‌ಗೆ ಹೋದರೆ ಮಾಟುಂಗಾದಲ್ಲಿ ಊಟ ಮಾಡಿ, ಹೂ ಕಟ್ಟಿಸಿಕೊಂಡು ಬರಬಹುದು ಎಂಬುದು ನನ್ನ ಪಕ್ಷಪಾತ.

ಬೀದಿ ಅಂಗಡಿಯಲ್ಲಿ ತೊಟ್ಟು ನೋಡಲು ಜಾಗವಿರುವುದಿಲ್ಲ. ನಿಮಗೆ ಸರಿಯಾಗಿ ಕೂರುವ ಒಂದು ಟಾಪಿನ ಭುಜ, ಎದೆ, ಉದ್ದ ಮೂರನ್ನೂ ಟೇಪಿನಿಂದ ಅಳೆದು ಫೋನಿನಲ್ಲಿ ಬರೆದಿಡಿ, ಟೇಪನ್ನೂ ಒಯ್ಯಿರಿ. ಲೇಬಲ್ ಮೇಲಿನ ಎಂ, ಎಲ್ ನಂಬಬೇಡಿ. ಹೊಲಿಗೆ ಬಿಟ್ಟಿದೆಯೇ, ಜಿಪ್ ಓಡುತ್ತದೆಯೇ, ಕಂಕುಳ ಕೆಳಗೆ ಕಲೆ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಹೇಳಿದ ಬೆಲೆಯ ಅರ್ಧಕ್ಕಿಂತ ಕೆಳಗಿನಿಂದ ಚೌಕಾಸಿ ಶುರು ಮಾಡಿ. ಕೊಡದಿದ್ದರೆ ನಡೆದುಬಿಡಿ. ಹಿಂದಿನಿಂದ ಕರೆಯುತ್ತಾರೆ. ಕರೆಯದಿದ್ದರೆ ಮುಂದಿನ ಅಂಗಡಿಯಲ್ಲಿ ಅದೇ ಟಾಪ್ ಇರುತ್ತದೆ.

ಹಂತ 7: ಟ್ರಂಕು ತೆಗೆಯಿರಿ

ಈಗ ಖಣಕ್ಕೆ ಬರೋಣ. ಅಂಗಡಿಯಲ್ಲಿ ಕೊಳ್ಳುವ ಮೊದಲು ಊರಿಗೆ ಫೋನ್ ಮಾಡಿ. ಬಾಗಲಕೋಟೆ, ವಿಜಯಪುರದ ಕಡೆಯ ಮನೆಗಳಲ್ಲಿ ಉಡಿ ತುಂಬಿದಾಗ ಬಂದ ಖಣ ಎಷ್ಟೋ ಹಾಗೇ ಮಡಚಿ ಇಟ್ಟಿರುತ್ತಾರೆ. ಖಣ ಕುಪ್ಪಸಕ್ಕೆಂದೇ ನೇಯುವ ಬಟ್ಟೆ. ಹಾಗಾಗಿ ಅಗಲ ಕಮ್ಮಿ, ತುಂಡೂ ಚಿಕ್ಕದು. ಅಗಲಕ್ಕೆ ಇಲ್ಲಿನ ಅಂಗಡಿಯವರು 'ಪನ್ಹಾ' ಎನ್ನುತ್ತಾರೆ. ಅದನ್ನು ಕೇಳದೆ ಜಾಕೆಟ್ಟಿಗೆ ಅಳತೆ ಹೇಳಬೇಡಿ. ಒಂದೇ ತುಂಡಿದ್ದರೆ ಇಡೀ ಜಾಕೆಟ್ ಬೇಡ. ಸಾದಾ ಕುರ್ತಾದ ಎದೆಪಟ್ಟಿಗೆ, ತೋಳಿನ ಅಂಚಿಗೆ, ಜೇಬಿಗೆ ಬಳಸಿ. ಅಂಚನ್ನು ಮಾತ್ರ ಕತ್ತರಿಸಿ ಎಸೆಯಬಾರದು, ಅದೇ ಅದರ ಚೆಲುವು. ಒಳಗೆ ಹತ್ತಿಯ ಲೈನಿಂಗ್ ಹಾಕಿಸಿ, ಆ ಲೈನಿಂಗನ್ನು ಮೊದಲೇ ನೀರಲ್ಲಿ ನೆನೆಸಿ ಒಣಗಿಸಿ ಕೊಡಿ. ಇಲ್ಲದಿದ್ದರೆ ಮೊದಲ ಒಗೆತಕ್ಕೆ ಲೈನಿಂಗ್ ಕುಗ್ಗಿ ಮೇಲಿನದು ಸುಕ್ಕುಗಟ್ಟುತ್ತದೆ.

ಇಳಕಲ್ ಸೀರೆಯಾದರೆ ಕತ್ತರಿ ಹಾಕುವ ಮುನ್ನ ಎರಡು ಸಲ ಯೋಚಿಸಿ. ಅದರ ಒಡಲಿನ ಹಾಸು ನೂಲು (ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ಎಳೆ) ಬೇರೆ, ಸೆರಗಿನದು ಬೇರೆ. ಎರಡನ್ನೂ ಒಂದೊಂದೇ ಎಳೆಯಾಗಿ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಟೋಪ್ ತೆನೆ ಎಂಬ ಕೆಂಪು-ಬಿಳಿ ವಿನ್ಯಾಸದ ಸೆರಗು ಆ ಸೀರೆಯ ಗುರುತು. ನನ್ನ ಅಭಿಪ್ರಾಯ ಕೇಳಿದರೆ ಗಟ್ಟಿಯಿರುವ ಇಳಕಲ್ ಕತ್ತರಿಸಲೇಬಾರದು. ಬಿಳಿ ಶರ್ಟಿನ ಮೇಲೆ ಉಟ್ಟು, ಸೊಂಟಕ್ಕೆ ಬೆಲ್ಟ್ ಕಟ್ಟಿ ನೋಡಿ, ಬೇರೆಯದೇ ಗತ್ತು ಬರುತ್ತದೆ. ಮಡಿಕೆಯಲ್ಲಿ ಸೀಳಿದ ಹಳೆಯ ಸೀರೆಯಾದರೆ ಕೊಂಡಿಯ ಜಾಗ ಬಿಟ್ಟು ಒಡಲಿನಿಂದ ಸ್ಕರ್ಟ್, ಸೆರಗಿನಿಂದ ಇಡಿಯಾಗಿ ಸ್ಟೋಲ್ ಮಾಡಿಸಿ. ಕಸೂತಿ ಇದ್ದರೆ ಟೇಲರಿಗೆ ಬೆರಳಿಟ್ಟು ತೋರಿಸಿ, ಅದರ ಮೇಲೆ ಮಶೀನ್ ಹೊಲಿಗೆ ಓಡಿಸಬೇಡ ಎನ್ನಿ.

ಮಳೆಗಾಲ ಮುಗಿಯುವ ತನಕ ಇವನ್ನು ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಡಿ, ಬೂಷ್ಟು ಹಿಡಿಯುತ್ತದೆ. ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ, ತಿಂಗಳಿಗೊಮ್ಮೆ ಬೇರೆ ಕಡೆಗೆ ಮಡಚಿ ಇಡಿ. ಜರಿ ಇದ್ದರೆ ನುಸಿಗುಳಿಗೆ ತಾಗಬಾರದು.

ಇವೆಲ್ಲ ಹೊರಬರುವುದು ನವರಾತ್ರಿಗೆ. ಮುಂಬೈಯಲ್ಲಿ ಒಂಬತ್ತು ದಿನಕ್ಕೆ ಒಂಬತ್ತು ಬಣ್ಣ. ಯಾವ ದಿನ ಯಾವುದು ಎಂದು ಪತ್ರಿಕೆಗಳಲ್ಲಿ ಮೊದಲೇ ಬರುತ್ತದೆ. ಇದು ಪುರಾಣ ಕಾಲದ ಕಟ್ಟಳೆಯೇನೂ ಅಲ್ಲ, ಈ ಶತಮಾನದಲ್ಲಿ ಬೆಳೆದ ರೂಢಿ. ಆದರೂ ಆ ಬೆಳಿಗ್ಗೆ ಇಡೀ ಲೇಡೀಸ್ ಡಬ್ಬಿ ಒಂದೇ ಬಣ್ಣದಲ್ಲಿ ಇರುವುದನ್ನು ನೋಡಲು ಚೆಂದ. ಒಂಬತ್ತು ಡ್ರೆಸ್ ಕೊಳ್ಳಬೇಡಿ. ಒಂದೆರಡು ಸಾದಾ ಕುರ್ತಾ ಇಟ್ಟುಕೊಂಡು ದುಪಟ್ಟಾ, ಸ್ಟೋಲ್, ಬಳೆಗಳನ್ನು ಗೆಳತಿಯರ ಜೊತೆ ಅದಲುಬದಲು ಮಾಡಿಕೊಳ್ಳಿ. ಬೂದು ಬಣ್ಣದ ದಿನ ಬಂದರೆ ಆಕ್ಸಿಡೈಸ್ಡ್ ಸರವೇ ಸಾಕು ಎಂದು ನಾನು ವಾದಿಸಿ ಗೆದ್ದಿದ್ದೇನೆ.

ಹೊಲಿಸುವುದಿದ್ದರೆ ಖಣವನ್ನು ಗಣಪತಿ ಹಬ್ಬಕ್ಕೆ ಮೊದಲೇ ಟೇಲರ್ ಕೈಗೆ ಕೊಟ್ಟುಬಿಡಿ. ಆಮೇಲೆ ಹೋದರೆ "ದೀಪಾವಳಿ ಆದ ಮೇಲೆ ಬನ್ನಿ" ಎನ್ನುತ್ತಾರೆ, ಫೋನಂತೂ ಎತ್ತುವುದೇ ಇಲ್ಲ.